ಸುಣ್ಣದ ಗೆರೆ ಮತ್ತು ನನ್ನ ನಾಲಿಗೆ

ಹಿಮ್ಮಡಿ ಗೆರೆಗೆ ತಾಗಿತ್ತು. ನಾನು ಕಣ್ಣಾರೆ ನೋಡಿದೆ. ನೋಡಿಯೂ ತಾಗಿಲ್ಲ ಎಂದೆ — ಅದೂ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು.

ಓಬಳೇಶ, ಈ ಎರಡು ಸಾಲು ಬರೆಯಲಿಕ್ಕೆ ನನಗೆ ಒಂಬತ್ತು ವರ್ಷ ಹಿಡಿಯಿತು. ಮುಂದಿನದನ್ನೂ ಬರೆದೇ ಹೇಳುತ್ತೇನೆ. ಬಾಯಿಂದ ಹೇಳಲು ಹೋದರೆ ಅದು ಇನ್ನೆಲ್ಲಿಗೋ ತಿರುಗಿಬಿಡುತ್ತದೆ, ನನ್ನ ಬಾಯಿಯ ಗುಣ ನನಗೆ ಗೊತ್ತು.

ನಾನು ಕ್ರಿಕೆಟ್ ಹುಚ್ಚಿ ಅನ್ನುವುದು ಚಳ್ಳಕೆರೆಯ ನಮ್ಮ ಬೀದಿಗೆಲ್ಲ ತಿಳಿದ ಮಾತು. ನಡುಮನೆಯಲ್ಲಿ ಟಿವಿ, ಅಡುಗೆಮನೆ ಬಾಗಿಲಲ್ಲಿ ಮೊರ ಇಟ್ಟುಕೊಂಡು ನಾನು. ಶೇಂಗಾ ಸುಲಿಯುವುದು ಕೈ, ಆಡುವುದು ಬಾಯಿ. ಬ್ಯಾಟಿಗೆ ಚೆಂಡು ತಾಗಿದ್ದು ತನಗೆ ಗೊತ್ತಿದ್ದೂ, ಅಂಪೈರು ನೋಡಲಿಲ್ಲ ಅಂತ ಮುಖ ಗಂಟು ಹಾಕಿ ನಿಂತವನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬೌಲರು ಕೈ ತಿರುಗಿಸುವ ಮೊದಲೇ ಓಡಲು ಹೊರಟವನ ಬೇಲ್ಸ್ ಎಗರಿಸಿದರೆ ಅದು ಆಟಕ್ಕೆ ಅವಮಾನ ಅನ್ನುತ್ತಾರಲ್ಲ, ನಾನು ಒಪ್ಪಲಿಲ್ಲ. "ಗೆರೆ ಅಂದಮೇಲೆ ಗೆರೆ ಕಣ್ರೀ" ಎಂದು ಯಜಮಾನರ ಜೊತೆ ಜಗಳವನ್ನೇ ಆಡಿದೆ. ಒಂದು ದೊಡ್ಡ ಫೈನಲ್ ಎರಡೆರಡು ಸಲ ಸಮ ಆಗಿ, ಕೊನೆಗೆ ಬೌಂಡರಿ ಲೆಕ್ಕ ಹಿಡಿದು ಕಪ್ಪು ಕೊಟ್ಟಾಗ, ಸೋತವರು ನಮ್ಮವರಲ್ಲದಿದ್ದರೂ ಎರಡು ದಿನ ಅನ್ನ ರುಚಿಸಲಿಲ್ಲ. ಚೆಂಡು ಉಜ್ಜಿ ಕ್ಯಾಮೆರಾಕ್ಕೆ ಸಿಕ್ಕಿಬಿದ್ದವರು ಟಿವಿಯಲ್ಲಿ ಬಿಕ್ಕಿ ಬಿಕ್ಕಿ ಅಳುವಾಗ "ಅಳ್ಲಿ ಬಿಡ್ರಿ, ಮಾಡುವಾಗ ಗೊತ್ತಿರಲಿಲ್ವಾ" ಅಂದವಳು ನಾನು. ಅನ್ನುವ ಹೊತ್ತಿಗೆ ನನ್ನ ಸುಳ್ಳಿಗೆ ವರ್ಷ ತುಂಬಿತ್ತು. ಅವತ್ತು ಒಳಗೆ ಹೋಗಿ ಒಲೆ ಮುಂದೆ ನಿಂತಾಗ ಅನ್ನಿಸಿತು — ಅವರಿಗಾದರೂ ಅಳಲು ಒಂದು ಜಾಗ ಸಿಕ್ಕಿತು.

ಆ ದಿನದ್ದು ನಿನಗೆ ನೆನಪಿರುತ್ತದೆ. ಆದರೆ ನೀನು ಕೆಳಗಿದ್ದೆ, ನಾನು ಮೇಲಿದ್ದೆ. ಮೇಲಿನದನ್ನು ಹೇಳುತ್ತೇನೆ.

ನಮ್ಮ ಮನೆ ಹಿಂದಿನ ಬಯಲಿನಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ. ಫೈನಲ್ಲು ನಮ್ಮ ಚಳ್ಳಕೆರೆಗೂ ನಿಮ್ಮ ಮೊಳಕಾಲ್ಮೂರಿಗೂ. ಅಂಪೈರು ನೀನು. ಅದೇ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯವನಾದರೂ ನಿನ್ನ ಬಗ್ಗೆ ನಮ್ಮವರು ಚಕಾರ ಎತ್ತಿರಲಿಲ್ಲ. ಎರಡು ತಾಲ್ಲೂಕಿನಲ್ಲಿ ಎಲ್ಲಿ ಆಟವಿದ್ದರೂ "ಓಬಳೇಶ ಬರ್ತಾನಾ?" ಅಂತ ಮೊದಲು ಕೇಳುತ್ತಿದ್ದರು. ನಾನು ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ, ಕಾಗೆ ಕಾಯುವ ನೆಪದಲ್ಲಿ ಆಟ ನೋಡುತ್ತಿದ್ದೆ. ಬೌಂಡರಿಯ ಸುಣ್ಣದ ಗೆರೆ ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಹಾಗೇ ಹೋಗಿತ್ತು. ಬಗ್ಗಿ ನೋಡಿದರೆ ಗೆರೆ ನನ್ನ ಕಾಲ ಕೆಳಗೇ.

ಕೊನೆಯ ಚೆಂಡು, ಐದು ರನ್ನು ಬೇಕು. ನಿಮ್ಮ ರಾಂಪುರದ ಹುಡುಗ ಬೀಸಿದ. ಗೆರೆ ಹತ್ತಿರ ನಿಂತಿದ್ದವನು ನನ್ನ ಮೈದುನ ಶಿವು. ಹಿಂದಕ್ಕೆ ಹಿಂದಕ್ಕೆ ಬಂದ, ಮೇಲಕ್ಕೆ ಹಾರಿ ಹಿಡಿದ. ಇಳಿಯುವಾಗ ಎಡಗಾಲಿನ ಹಿಮ್ಮಡಿ — ಸುಣ್ಣದ ಪುಡಿ ಹೊಗೆಯ ಹಾಗೆ ಎದ್ದಿತು. ನೀನು ಓಡಿ ಬಂದು ಎರಡೂ ಕೈ ಎತ್ತಿದೆ.

ಆಮೇಲಿನ ಗದ್ದಲ. "ನಿಮ್ಮೂರವ್ನು ಅಂತ ಸಿಕ್ಸ್ ಕೊಟ್ಯೇನಲೇ?" ಅಂತ ಒಬ್ಬ. "ಸುಣ್ಣ ನೆಲಕ್ಕೆ ಹಾಕಿದ್ರೋ ಇವನ ಕಣ್ಣಿಗೆ ಹಾಕಿದ್ರೋ!" ಅಂತ ಇನ್ನೊಬ್ಬ. ಶಿವುವನ್ನು ಕೇಳಿದರೆ ಅವನು ನಿಜವನ್ನೇ ಹೇಳಿದ — "ಚೆಂಡು ನೋಡ್ತಿದ್ದೆ ಕಣ್ರಪ್ಪಾ, ಕಾಲು ಗೊತ್ತಾಗ್ಲಿಲ್ಲ." ಯಾರೋ ಸ್ಟಂಪು ಕಿತ್ತುಕೊಂಡು ಕೈಯಲ್ಲಿ ಹಿಡಿದ. ಆಗ ಒಬ್ಬರು ತಲೆ ಎತ್ತಿ ಕೂಗಿದರು: "ಮ್ಯಾಲೆ ಅಕ್ಕ ಅವ್ರೆ ನೋಡ್ರೋ! ಅವ್ರನ್ನೇ ಕೇಳ್ರಿ. ಲಿಂಗ ಕಟ್ಟಿದೋರು, ಪೂಜೆ ಮಾಡ್ದೆ ನೀರು ಮುಟ್ಟಲ್ಲ."

ನಾನು ಫೀಲ್ಡರಿನ ಅತ್ತಿಗೆ. ಬೇರೆ ಊರಾಗಿದ್ದರೆ ಅಷ್ಟಕ್ಕೇ ಬೇಡ ಅನ್ನುತ್ತಿದ್ದರು. ನಿಮ್ಮವರು ಅನ್ನಲಿಲ್ಲ. ನಿಮ್ಮ ಕಡೆಯ ಹಿರಿಯನೊಬ್ಬ "ಅಕ್ಕ ಅಬದ್ಧಂ ಚೆಪ್ಪದು ಲೇ" ಅಂದ — ಅಕ್ಕ ಸುಳ್ಳು ಹೇಳೋಳಲ್ಲ ಅಂತ. ಆಮೇಲೆ ನೀನು ಮುಂದೆ ಬಂದೆ. ಟೊಪ್ಪಿಗೆ ತೆಗೆದೆ.

"ಅಕ್ಕ ಹೇಳ್ಲಿ. ಅಕ್ಕನ ಮಾತೇ ನನ್ನ ಮಾತು."

ನೂರಾರು ಮುಖ ಮೇಲಕ್ಕೆ ನೋಡುತ್ತಿದ್ದವು. ನನ್ನಿಂದ ಯಾರೂ ಆಣೆ ಮಾಡಿಸಲಿಲ್ಲ. ಕೈ ತಾನಾಗಿಯೇ ಎದೆಗೆ ಹೋಯಿತು. "ತಾಗಿಲ್ಲ. ಔಟು" ಎಂದೆ.

ಯಾಕೆ ಅಂದೆ ಎಂದು ಸುತ್ತಿ ಬಳಸಿ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಮೈದುನನ ಮುಖ ನೋಡಿ ಅಂತ — ಅಲ್ಲ. ಜಗಳ ನಿಲ್ಲಲಿ ಅಂತ — ಅದೂ ಅಲ್ಲ, ಸಿಕ್ಸ್ ಅಂದಿದ್ದರೂ ನಿಲ್ಲುತ್ತಿತ್ತು. ಮನೆಯವರು ಬೈದಾರು ಅಂತಲೂ ಅಲ್ಲ. ಚಳ್ಳಕೆರೆ ಗೆಲ್ಲಬೇಕಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ನೀನು ಟೊಪ್ಪಿಗೆ ಮತ್ತೆ ಹಾಕಿಕೊಂಡೆ. ಬೆರಳೆತ್ತಿ ಔಟು ಕೊಟ್ಟೆ. ನಿನ್ನ ಕೈ ಎಷ್ಟು ನಿಧಾನ ಮೇಲೆ ಹೋಯಿತು ಎಂದರೆ — ಬೇಡ, ಅದನ್ನು ಬರೆಯಲಾರೆ.

ಅಲ್ಲಿಂದ ನಾನು ಥರ್ಡ್ ಅಂಪೈರ್ ಅಕ್ಕ ಆದೆ. ಪಕ್ಕದ ಮನೆಯವರ ನೀರಿನ ಜಗಳಕ್ಕೆ, ಸಂಘದ ಹೆಂಗಸರ ಮುನಿಸಿಗೆ, ಎಲ್ಲದಕ್ಕೂ "ಅಕ್ಕ ಹೇಳ್ಲಿ." ಹೋದ ವರ್ಷ ಪಂದ್ಯಾವಳಿಯಲ್ಲಿ ಸ್ಟೇಜಿನ ಮೇಲೆ ಕೂರಿಸಿ ಶಾಲು ಹೊದಿಸಿದರು, ಟಾಸು ನನ್ನ ಕೈಯಲ್ಲೇ ಹಾಕಿಸಿದರು. ಬಿಸಿಲಿನಲ್ಲಿ ಆ ಶಾಲು ಹೊದ್ದು ಕೂತೆ. ತೆಗೆದಿಡೋಣವೆಂದರೆ ಮೈಕಿನಲ್ಲಿ ಇನ್ನೂ ನನ್ನ ಹೊಗಳಿಕೆಯೇ ನಡೆದಿತ್ತು. ಜನ ಕೊಟ್ಟ ಮರ್ಯಾದೆಯೇ ಹೊರಗಿನಿಂದ ಚಿಲಕ ಹಾಕಿದ ಬಾಗಿಲು ಆದರೆ, ಒಳಗಿನವಳು ಯಾರನ್ನು ಕೂಗಬೇಕು?

ಬೆಳಿಗ್ಗೆ ಪೂಜೆಗೆ ಕೂತಾಗ ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು. ಅತ್ತೆಯವರ ಮಂಡಿನೋವು ಇವತ್ತು ಕಡಿಮೆ. ಹಾಲು ಒಡೆಯಲಿಲ್ಲ. ಮ್ಯಾಚಿನ ಹೊತ್ತಿಗೆ ಕರೆಂಟು ಹೋಗಲಿಲ್ಲ — ಅದನ್ನೂ ಎಣಿಸುತ್ತೇನೆ, ನಗಬೇಡ. ಆದರೆ ಎಣಿಸುವಾಗ ಅಂಗೈ ಮೇಲೆ ಇರುವುದು ಅದೇ ಲಿಂಗ. ಅವತ್ತು ಮುಟ್ಟಿದ ಕೈಯೂ ಇದೇ. ನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ಕಣ್ಣು ಮುಚ್ಚಲಾಗದೆ ಎದ್ದುಬಿಡುತ್ತೇನೆ.

ಇಷ್ಟಾದರೂ ಸುಮ್ಮನೆ ಇರುತ್ತಿದ್ದೆನೋ ಏನೋ. ಹೋದ ತಿಂಗಳು ನೀನು ಬಾರದಿದ್ದರೆ.

ತಂಗಿಯ ಮದುವೆ ಪತ್ರಿಕೆ ಕೊಡಲು ಬಂದೆ. ನಾನು ಚಹಾ ಕೊಟ್ಟೆ. ಅಂಪೈರಿಂಗ್ ಬಿಟ್ಟೆಯಂತೆ, ಯಾಕಪ್ಪ ಎಂದು ಯಜಮಾನರು ಕೇಳಿದರು. ಜನ ಆಡಿಕೊಂಡದ್ದಕ್ಕೆ ಬಿಟ್ಟಿರಬೇಕು ಎಂದುಕೊಂಡಿದ್ದೆ ನಾನು. ನಮ್ಮ ಮೇಲೆ ಸಿಟ್ಟಿರಬೇಕು, ಅಕ್ಕ ಸುಳ್ಳಿ ಅಂತ ಒಳಗೊಳಗೆ ನಿನಗೆ ಗೊತ್ತಿರಬೇಕು ಅಂತ — ಹಾಗೆ ಅಂದುಕೊಳ್ಳುವುದರಲ್ಲೂ ಒಂದು ಸಮಾಧಾನವಿತ್ತು. ನೀನು ನಕ್ಕು ಹೇಳಿದೆ:

"ಸಿಟ್ಟೇನಿಲ್ಲಣ್ಣ. ನನ್ನ ಕಣ್ಣೇ ಸರಿಯಿಲ್ಲ. ಅವತ್ತು ಸುಣ್ಣ ಎದ್ದಿದ್ದು ಕಂಡಂಗೇ ಆತು ನಂಗೆ. ಅಕ್ಕ ಇಲ್ಲ ಅಂದ್ಮ್ಯಾಲೆ ಇಲ್ಲ. ಡಾಕ್ಟ್ರಿಗೆ ತೋರಿಸ್ದೆ, ಕಣ್ಣು ಚೆನ್ನಾಗೈತೆ ಅಂದ್ರು. ಹಂಗಾದ್ರೆ ನಮ್ಮೂರು ಗೆಲ್ಲಲಿ ಅನ್ನೋ ಆಸೆ ಕಣ್ಣಾಗೆ ಕುಂತಿತ್ತೇನೋ. ಅಂಥ ಕಣ್ಣು ಇಟ್ಕೊಂಡು ಅಂಪೈರ್ ಆಗಬಾರ್ದು. ಈಗ ಸಂಜೆ ಕುರಿ ಎಣಿಸಿದ್ರೂ ನಮ್ಮಾಕಿ ಕೈಲಿ ಇನ್ನೊಂದು ಸಲ ಎಣಿಸ್ತೀನಿ."

ಯಜಮಾನರು ನಕ್ಕರು. ನೀನೂ ನಕ್ಕೆ. ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು? ಎಂಟು ಹೆಜ್ಜೆ ದೂರದಲ್ಲಿ ನೀನು ಕೂತಿದ್ದೆ. ಲೋಟ ತೊಳೆದೆ. ಇನ್ನೊಂದು ಸಲ ತೊಳೆದೆ. ನೀನು ಚಪ್ಪಲಿ ಮೆಟ್ಟಿಕೊಂಡು "ಬರ್ತೀನಕ್ಕಾ" ಅಂದದ್ದು ಕೇಳಿಸಿತು. "ಹೂಂನಪ್ಪಾ, ಹೋಗ್ಬಾ" ಎಂದೆ.

ಹಾಗಾಗಿ ನನ್ನದು ಎರಡು ತಪ್ಪು. ಮೊದಲನೆಯದರಲ್ಲಿ ನಿನ್ನ ಮಾತು ಕೆಡಿಸಿದೆ. ಎರಡನೆಯದರಲ್ಲಿ, ನೀನು ನಿನ್ನ ಕಣ್ಣನ್ನೇ ಕಳ್ಳನೆಂದು ಹಿಡಿದು ನನ್ನ ಮನೆಗೆ ತಂದು ತೋರಿಸಿದಾಗಲೂ ಬಿಡಿಸಲಿಲ್ಲ.

ಮೊನ್ನೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಶಿವು ಈಗ ಪಂದ್ಯಾವಳಿ ಸಮಿತಿಯಲ್ಲಿದ್ದಾನೆ. "ಅತ್ತಿಗೆ, ಈಗ್ಯಾಕೆ ಇದೆಲ್ಲಾ? ಅದು ನನ್ನ ಜೀವಮಾನದ ಕ್ಯಾಚು" ಅಂದ. ಅವನಿಂದಲೂ ನಾನು ಏನನ್ನೋ ಕಿತ್ತುಕೊಳ್ಳುತ್ತಿದ್ದೇನೆ ಎಂದು ಆಗ ಹೊಳೆಯಿತು. ಅತ್ತೆಯವರು "ಲಿಂಗ ಮುಟ್ಟಿ ಸುಳ್ಳಾಡಿದ್ಯೇನೇ?" ಎಂದು ಒಂದೇ ಮಾತು ಕೇಳಿ ಗೋಡೆಗೆ ತಿರುಗಿ ಮಲಗಿದರು. ಯಜಮಾನರು ಎದ್ದು ಟಿವಿ ಆರಿಸಿದರು. ಆಮೇಲೆ, "ಕೊಂಡ್ಲಹಳ್ಳಿಗೆ ಹೋಗೋದಾದ್ರೆ ಸೋಮವಾರ ಹೋಗು, ಬಸ್ಸು ಖಾಲಿ ಇರ್ತವೆ" ಅಂದರು.

ಸೋಮವಾರ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಮುಂದೆ, ನಿನ್ನ ಹೆಂಡತಿಯ ಮುಂದೆ ನಾನೇ ಓದುತ್ತೇನೆ. ಇನ್ನೊಂದು ಪ್ರತಿ ಬರೆದು ಶಿವುಗೆ ಕೊಟ್ಟಿದ್ದೇನೆ, ಪಂದ್ಯಾವಳಿಯ ಮೊದಲ ದಿನ ಮೈಕಿನಲ್ಲಿ ಓದಬೇಕೆಂದು. ಅವನು ಓದದಿದ್ದರೆ ಆ ದಿನ ಮೈಕು ನಾನು ಹಿಡಿಯುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಅಲ್ಲೇ ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ಅಂಥದ್ದು.

ಒಂದೇ ಒಂದು ಕೇಳುತ್ತೇನೆ, ಇದನ್ನು ಮಾತ್ರ ಮುಂಚೆಯೇ ಫೋನಿನಲ್ಲಿ ತಿಳಿಸಿರುತ್ತೇನೆ. ನಾನು ಬಾಗಿಲಿಗೆ ಬಂದಾಗ ಬಾರಕ್ಕಾ ಕೂತ್ಕೋ ಎಂದು ಚಾಪೆ ಹಾಸಬೇಡ. ಓದಿ ಮುಗಿಸುವವರೆಗೆ ನೀರನ್ನೂ ಕೊಡಬೇಡ. ಕೊಟ್ಟರೆ ಕುಡಿದು, ಮದುವೆ ಹೇಗಾಯಿತು, ಮಳೆ ಹೇಗೈತೆ ಅಂತ ಕೇಳಿ, ಹಾಳೆ ಮಡಿಚಿಟ್ಟುಕೊಂಡು ಅದೇ ಬಸ್ಸಿಗೆ ವಾಪಸ್ ಬಂದುಬಿಡುತ್ತೇನೆ.