ಮೊದಲ ಬೆಂಚಿನಿಂದ ಯುರೋಪಿಗೆ

ನವನಗರದ ಒಂದು ಪ್ರೌಢಶಾಲೆಯಲ್ಲಿ ಮುಬಶೀರಾ ಆರು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದಳು, ಆರೂ ವರ್ಷ ಅತಿಥಿ ಶಿಕ್ಷಕಿಯಾಗಿಯೇ. ಪ್ರತಿ ಜೂನಿನಲ್ಲಿ ಮುಖ್ಯಗುರುಗಳು ಹೆಸರು ಬರೆದು ಕಳಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆಟೊ ಓಡಿಸುತ್ತಿದ್ದ ಗಂಡ ಜುಬೇರ ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲಿ ಕೂತ ಮೇಲೆ ಒಲೆ ಉರಿಯುತ್ತಿದ್ದದ್ದು ಇದೊಂದರಿಂದಲೇ.

ಜಗತ್ತಿನ ಇತಿಹಾಸವೆಂದರೆ ಅವಳಿಗೆ ಜೀವ. ಮಕ್ಕಳಿಗೆ ಅದು ಬರೀ ಇಸವಿಗಳ ಪಟ್ಟಿ. ಯುರೋಪಿನವರು ಭಾರತಕ್ಕೆ ಸಮುದ್ರದ ದಾರಿ ಹುಡುಕಿದ ಪಾಠ ಬಂದ ದಿನ, ಅವಳು ಹತ್ತನೇ ತರಗತಿಗೆ ಅಮೀನಗಡದ ಕರದಂಟು ಒಯ್ದಳು.

"ಇದರಾಗ ಜಾಜಿಕಾಯಿ ಐತಿ. ಒಂದು ಕಾಲಕ್ಕ ಅದು ದೂರದ ಬಾಂದಾ ದ್ವೀಪದಾಗಷ್ಟ ಬೆಳೀತಿತ್ತು. ಮೊದಲ್ನೇ ಬೆಂಚು ಆ ದ್ವೀಪ, ಕಡೀ ಬೆಂಚು ಯುರೋಪ. ನಡುವಿನವರು ಸುಂಕ ಅಂತ ಒಂದೊಂದು ತುಣುಕು ಮುರಕೊಂಡು ಹಿಂದಕ್ಕ ಕಳಸ್ರಿ."

ಕಲ್ಲಿಕೋಟೆಯಾದ ಬೆಂಚು ಮುರಿಯಿತು, ಅರಬರಾದವರು ಮುರಿದರು. ಕಾನ್‌ಸ್ಟಾಂಟಿನೋಪಲ್ ಆಗಿದ್ದ ಅರ್ಜು ಉಳಿದದ್ದರಲ್ಲಿ ಅರ್ಧ ಬಾಯಿಗೆ ಹಾಕಿಕೊಂಡ. ಕಡೆಯ ಬೆಂಚಿನ ಜಯಶ್ರೀಯ ಅಂಗೈಗೆ ಬಂದದ್ದು ಪುಡಿ. ವರ್ಷವಿಡೀ ತುಟಿ ಬಿಚ್ಚದ ಹುಡುಗಿ ಎದ್ದು ನಿಂತಳು.

"ಟೀಚರ್ರಿ, ಇವರ ಗೊಡವೀನ ಬ್ಯಾಡ. ನಾ ಹೊರಗಿನಿಂದ ಸುತ್ತು ಹಾಕ್ಕೊಂಡು ಹೋಗ್ತೇನಿ!"

ಹಿಂದಿನ ಬಾಗಿಲಿನಿಂದ ವರಾಂಡಕ್ಕೆ ಹಾರಿ, ಮುಂದಿನ ಬಾಗಿಲಿನಿಂದ ಒಳಬಂದು ಮೊದಲ ಬೆಂಚು ಮುಟ್ಟಿದಳು. ತರಗತಿ ಕೇಕೆ ಹಾಕಿತು.

ಕೇಕೆ ಕೇಳಿ ಮುಖ್ಯಗುರು ಹನಮಂತಪ್ಪ ಬಂದರು. ಬಾಗಿಲಲ್ಲಿ ನಿಂತು ನೋಡಿ ಹೋದರು. ಆಮೇಲೆ ಮುಬಶೀರಾಳನ್ನು ಕೋಣೆಗೆ ಕರೆಸಿ ಮೆತ್ತಗೇ ಹೇಳಿದರು.

"ಟೀಚರ, ಪಾಠ ಚಲೋ ಮಾಡ್ತೀರಿ, ಇಲ್ಲ ಅನ್ನಂಗಿಲ್ಲ. ಆದ್ರ ರಿಸಲ್ಟ್ ಬಿದ್ರ ಮ್ಯಾಲಿನವರು ನನ್ನ ಹಿಡೀತಾರ. ನಾಕು ಪಾಯಿಂಟ್ ಬರಸ್ರಿ, ಬಾಯಿಪಾಠ ಮಾಡಸ್ರಿ. ಜೂನಿನ್ಯಾಗ ನಾ ನಿಮ್ಮ ಹೆಸರು ಬರೀಬೇಕಲ್ರಿ?"

"ಆತ್ರಿ ಸರ."

ಮರುದಿನದಿಂದ ಬರೆಸಿದಳು. ಗಂಟಲು ಒಣಗುವವರೆಗೆ ಬರೆಸಿದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸಮುದ್ರದ ದಾರಿಯದೇ ಪ್ರಶ್ನೆ ಬಂತು. ಜಯಶ್ರೀ ಪಾಯಿಂಟು ಬರೆದಿರಲಿಲ್ಲ. ಕೈಯಿಂದ ಕೈಗೆ ಹೋಗುತ್ತ ಸರಕು ಹೇಗೆ ತುಟ್ಟಿಯಾಯಿತು, ಜನ ಯಾಕೆ ಬೇಸತ್ತು ಹಡಗು ಹತ್ತಿದರು ಎಂದು ಪುಟ ತುಂಬ ತನ್ನ ಮಾತಿನಲ್ಲೇ ಬರೆದಿದ್ದಳು. ಎದುರು ಕೂತಿದ್ದ ಹನಮಂತಪ್ಪ ಮಾದರಿ ಉತ್ತರದ ಹಾಳೆಯನ್ನು ಮುಂದಕ್ಕೆ ಸರಿಸಿದರು. ಮುಬಶೀರಾ ನಾಲ್ಕಕ್ಕೆ ಒಂದು ಅಂಕ ಹಾಕಿದಳು.

ಪೇಪರು ಹಿಡಿದು ಜಯಶ್ರೀ ಬಂದಳು. "ತಪ್ಪು ಬರದೇನಿ ಏನ್ರಿ?"

"ಇಲ್ಲವ್ವಾ, ಖರೇನ ಬರದೀ."

"ಹಂಗಾರ ದೊಡ್ಡ ಪರೀಕ್ಷಾದಾಗೂ ಹಿಂಗ ಬರೀಲ್ರಿ?"

ಮುಬಶೀರಾಳಿಗೆ ಹೂಂ ಅನ್ನುವ ಆಸೆ ಎದೆಯ ತನಕ ಬಂತು.

"ಬ್ಯಾಡ. ನೋಟ್ಸಿನ್ಯಾಗ ಇದ್ದದ್ದು ಬರಿ."

ಹುಡುಗಿ ತಲೆಯಾಡಿಸಿ ಹೋದಳು. ಎದುರು ವಾದಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಫಲಿತಾಂಶ ಚೆನ್ನಾಗಿ ಬಂತು, ಹನಮಂತಪ್ಪ ಪೇಡೆ ಹಂಚಿದರು. ಜೂನಿನಲ್ಲಿ ಅವಳ ಹೆಸರನ್ನೂ ಬರೆದು ಕಳಿಸಿದರು. ಹೊಸ ಮಕ್ಕಳು ನೋಟ್‌ಬುಕ್ಕು ತೆರೆದು, ಪೆನ್ನು ಹಿಡಿದು, ಅವಳ ಬಾಯಿಯನ್ನೇ ನೋಡುತ್ತ ಕೂತಿದ್ದರು.

"ಬರಕೊಳ್ರಿ," ಎಂದಳು. "ಪಾಯಿಂಟ್ ಒಂದು."