ಬುಧವಾರದ ಮೀನು

ಮೊಮ್ಮಕ್ಕಳೇ, ವಿದ್ಯಾಗಿರಿಯ ಬಾಡಿಗೆ ಮನೆಯ ನೆನಪು ತೆಗೆದಾಗಲೆಲ್ಲ ನೀವು ಮೂರು ಮಾತು ಹೇಳುತ್ತೀರಿ: ಮಾಳಿಗೆಯ ಮೇಲಿನ ಗಾಳಿಪಟ, ಕೆಳಗಿನ ಮನೆಯ ಮಾಲಕಿ ಕೊಡುತ್ತಿದ್ದ ಶೇಂಗಾ ಉಂಡಿ, ಬುಧವಾರ ಸಂಜೆಯ ಮೀನು. ಮೀನಿನ ಮಾತು ಬಂದ ಕೂಡಲೇ ನಾನು ಎದ್ದು ಒಳಗೆ ಹೋಗುತ್ತೇನೆ. ಯಾಕೆಂದು ನಿಮ್ಮಲ್ಲಿ ಹಿರಿಯವಳಿಗೆ ಸ್ವಲ್ಪ ಗೊತ್ತು, ಕಿರಿಯವನಿಗೆ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇದೆ, ಅದರಲ್ಲೇ ಬರೆಯುತ್ತೇನೆ.

ನಾನು ಹುಟ್ಟಿದ್ದು ಹುನಗುಂದ ತಾಲೂಕಿನ ಹೊಳೆದಂಡೆಯ ಊರಿನಲ್ಲಿ. ನಮ್ಮಪ್ಪ ಹೊಳೆಯಲ್ಲಿ ಬಲೆ ಹಾಕುತ್ತಿದ್ದ. ನಮ್ಮವ್ವ ಮೀನಿಗೆ ಉಪ್ಪು, ಖಾರ, ಅರಿಶಿನ ಸವರಿ ಒಲೆಯ ಕೆಂಡದ ಬದಿಗೆ ಇಟ್ಟು ಸುಡುತ್ತಿದ್ದಳು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ಮೂಗು ಹಿಡಿದುಕೊಂಡು, "ಬಂದ್ಲು ನೋಡ್ರಿ ಮೀನವ್ವ, ಸರೀರಿ ಸರೀರಿ" ಎನ್ನುತ್ತಿದ್ದಳು. ನಾನು ದಿನಾ ಕೈಯನ್ನು ಬೂದಿ ಹಾಕಿ ತಿಕ್ಕಿ ಹೋಗುತ್ತಿದ್ದೆ. ಎಷ್ಟು ತಿಕ್ಕಿದರೂ ಅವಳು ಸರಿದೇ ಕೂರುತ್ತಿದ್ದಳು.

ಮದುವೆಯಾಗಿ ಇಳಕಲ್ಲಿಗೆ ಬಂದೆ. ನಿಮ್ಮಜ್ಜ ಅಲ್ಲಿ ಪವರ್‌ಲೂಮಿನಲ್ಲಿ ಕೆಲಸಕ್ಕಿದ್ದರು. ನಮ್ಮ ಓಣಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು, ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳುವವರಿರಲಿಲ್ಲ. ಮೂವತ್ತು ವರ್ಷ ನಾನು ಆ ಹುಡುಗಿಯ ಮಾತು ಮರೆತೇ ಇದ್ದೆ. ಅಜ್ಜ ತೀರಿಕೊಂಡ ಮೇಲೆ ನಿಮ್ಮಪ್ಪ ನನ್ನನ್ನು ಬಾಗಲಕೋಟೆಗೆ ಕರೆತಂದ. ಅಲ್ಲಿ ಮನೆ ಹುಡುಕಲು ಹೋದಾಗ ಮತ್ತೆ ನೆನಪಾಯಿತು.

ಮೊದಲ ಎರಡು ಕಡೆ ಮೀನು ಮಾಂಸ ತಿಂತೀರೇನು ಎಂದು ಕೇಳಿದರು, ನಿಮ್ಮಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. "ಹೌದ್ರಿ, ತಿಂತೀವಿ." ಎರಡೂ ಕಡೆ ಒಂದೇ ಉತ್ತರ ಬಂತು: "ಮನಿ ಬ್ಯಾರೇದವರಿಗೆ ಮಾತಾಗಿ ಹೋಗೈತ್ರಿ." ಮೂರನೆಯದು ವಿದ್ಯಾಗಿರಿಯ ಮನೆ. ನಿಮ್ಮ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ, ಗಾಳಿ ಬೆಳಕು ಚೆನ್ನಾಗಿತ್ತು. ಅದನ್ನು ನೋಡಲು ಹೊರಟ ದಿನ ನಾನು ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡೆ. ಯಾರೂ ಹೇಳಿಕೊಟ್ಟಿರಲಿಲ್ಲ. ಮಾಲಕಿ ನನ್ನ ಹಣೆ ನೋಡಿ, "ನಿಮಗೇನ್ ಕೇಳೂದೈತ್ರಿ ಅಕ್ಕಾರ, ನೋಡಿದ್ರ ಗೊತ್ತಾಗ್ತದ" ಎಂದು ಕೀಲಿ ಕೈಗೆ ಕೊಟ್ಟರು. ನಾವು ಸುಳ್ಳು ಹೇಳಲಿಲ್ಲ ಎಂದು ನಿಮ್ಮಪ್ಪ ಸಮಾಧಾನ ಪಟ್ಟ. ಮಾರನೆಯ ದಿನದಿಂದ ನಾನು ತಪ್ಪದೆ ವಿಭೂತಿ ಹಚ್ಚಿಕೊಂಡೆ. ಶಿವನ ಹೆಸರಿನಲ್ಲಿ ಹಚ್ಚಿಕೊಳ್ಳುವುದನ್ನು ಬಾಡಿಗೆ ಮನೆಯ ಸಲುವಾಗಿ ಹಚ್ಚಿಕೊಂಡೆ.

ಮಾಲಕಿ ಕೆಟ್ಟವರಲ್ಲ, ಇದನ್ನು ಬರೆಯಲೇಬೇಕು. ನನ್ನ ಮೊಣಕಾಲು ನೋವಿಗೆ ಎಣ್ಣೆ ತಂದುಕೊಟ್ಟವರು ಅವರು. ಅಮಾವಾಸ್ಯೆಗೆ ತಮ್ಮ ಜೊತೆ ಮಹಾಕೂಟದ ಗುಡಿಗೆ ಕರೆದೊಯ್ಯುತ್ತಿದ್ದರು. ನಾನು ಅವರಿಗೆ ಅಕ್ಕಾರ, ಅವರು ನನಗೆ ಅಕ್ಕಾರ. ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮಾಳಿಗೆಯ ಹಿಂದಿನ ಖೋಲಿಯಲ್ಲಿ ಕುಮಟಾ ಕಡೆಯ ಹುಡುಗಿ ಇದ್ದಳು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನಿಮಗೆ ಅವಳು ಟೀಚರ್ ಅಕ್ಕ. ಮಾಲಕಿ ಅವಳನ್ನು ಬಾಡಿಗೆಗೆ ಇಟ್ಟುಕೊಳ್ಳುವಾಗ ನೇರವಾಗಿ ಕೇಳಿದ್ದರಂತೆ: "ನೀ ಸಮುದ್ರದ ಕಡ್ಯಾಕಿ. ಇಲ್ಲಿ ಮೀನ ಗೀನ ನಡ್ಯಂಗಿಲ್ಲ ನೋಡ ತಂಗಿ." ಅವಳು ಆಗಲಿ ಎಂದಿದ್ದಳು, ಹೇಳಿದಂತೆ ನಡೆದುಕೊಂಡಿದ್ದಳು. ಎರಡು ವರ್ಷದಲ್ಲಿ ಅವಳ ಖೋಲಿಯಲ್ಲಿ ಒಂದು ಮೊಟ್ಟೆ ಸಹ ಬೆಂದಿರಲಿಲ್ಲ. ನಮ್ಮ ಗುಟ್ಟು ಮಾತ್ರ ಅವಳಿಗೆ ಗೊತ್ತಿತ್ತು. ಬಟ್ಟೆ ಒಣಹಾಕುವಾಗ ನಿಮ್ಮವ್ವ ಒಂದು ದಿನ ಮನಸ್ಸು ತಡೆಯದೆ ಹೇಳಿಬಿಟ್ಟಿದ್ದಳು. ಹುಡುಗಿ ನಕ್ಕು, "ಹುರಿದರೆ ಬೀದಿಗೆಲ್ಲ ಗೊತ್ತಾಗ್ತದೆ ಅಕ್ಕಾ. ನಿಮ್ಮ ಹತ್ರ ಓವನ್ ಉಂಟಲ್ಲ, ಅದರಲ್ಲಿ ಮುಚ್ಚಿಟ್ಟು ಮಾಡಿ, ನಮ್ಮಮ್ಮ ಹಾಗೇ ಮಾಡ್ತಾರೆ" ಎಂದಳು.

ನಿಮ್ಮ ಹುಟ್ಟುಹಬ್ಬದ ಕೇಕಿಗೆಂದು ತಂದ ಆ ಸಣ್ಣ ಓವನ್ನಿಗೆ ಆಮೇಲೆ ಬುಧವಾರದ ಕೆಲಸವೂ ಬಂತು. ಬುಧವಾರವೇ ಯಾಕೆಂದರೆ ಅಂದು ಸಂಜೆ ಮಾಲಕಿ ಭಜನೆಗೆ ಹೋಗುತ್ತಿದ್ದರು. ಏಳಕ್ಕೆ ಹೋದರೆ ಎಂಟೂವರೆಗೆ ಬರುತ್ತಿದ್ದರು. ನಿಮ್ಮವ್ವ ಬಾದಾಮಿಯ ಕಚೇರಿಯಿಂದ ಬಸ್ಸಿಳಿದು, ಹಿನ್ನೀರಿನ ಮೀನು ಮಾರುವವಳ ಹತ್ತಿರ ಬಿಳಿ ತಿರುಳಿನ ಜಿಲೇಬಿ ಮೀನನ್ನು ಮುಳ್ಳು ತೆಗೆಸಿ ಕೊಂಡು, ಊಟದ ಡಬ್ಬಿಯ ಚೀಲದಲ್ಲಿ ತರುತ್ತಿದ್ದಳು. ಅಷ್ಟರಲ್ಲಿ ನಾನು ಉಳ್ಳಾಗಡ್ಡಿ, ಆಲೂಗಡ್ಡೆ, ಗಜ್ಜರಿ, ಟೊಮ್ಯಾಟೊ, ಡೊಣ್ಣಮೆಣಸಿನಕಾಯಿ ಹೆಚ್ಚಿ, ಎಣ್ಣೆ ಉಪ್ಪು ಕಲಸಿ ತಟ್ಟೆಯಲ್ಲಿ ಹರಡಿ ಓವನ್ನಿಗೆ ಇಟ್ಟಿರುತ್ತಿದ್ದೆ. ಅವಳು ಬಂದು ಮೀನಿಗೆ ಬೆಳ್ಳುಳ್ಳಿ, ಖಾರ, ಅರಿಶಿನ ಸವರಿ ತರಕಾರಿಯ ಮೇಲೆ ಮಲಗಿಸಿ, ನಿಂಬೆಹಣ್ಣು ಹಿಂಡಿ, ಬೆಳ್ಳಿ ಬಣ್ಣದ ಹಾಳೆಯಿಂದ ತಟ್ಟೆಯ ಬಾಯಿ ಬಿಗಿಯಾಗಿ ಮುಚ್ಚುತ್ತಿದ್ದಳು. ಇಪ್ಪತ್ತು ನಿಮಿಷ. ಕಿಟಕಿ ಹಾಕಿಕೊಂಡು, ಊದಿನಕಡ್ಡಿ ಹಚ್ಚಿ, ಎಂಟಕ್ಕೆಲ್ಲ ಉಂಡು ಮುಗಿಸುತ್ತಿದ್ದೆವು. ನಿಮ್ಮವ್ವನಂಥ ದುಡಿಯುವ ಹೆಂಗಸಿಗೆ ಇಷ್ಟು ಸುಲಭದ ಊಟ ಇನ್ನೊಂದಿಲ್ಲ. ಉಳಿದದ್ದನ್ನು ಪೇಪರಿನಲ್ಲಿ ಸುತ್ತಿ ಮಾರನೆಯ ದಿನ ಅವಳೇ ಒಯ್ದು ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕುತ್ತಿದ್ದಳು.

ಆ ಬುಧವಾರ ಮೀನು ಓವನ್ನಿಗೆ ಹೋಗಿ ಐದು ನಿಮಿಷ ಆಗಿತ್ತು, ಕರೆಂಟು ಹೋಯಿತು. ಸ್ವಲ್ಪ ಹೊತ್ತು ಕಾದೆವು. ನೀವಿಬ್ಬರೂ ಹಸಿದು ತಟ್ಟೆ ಬಡಿಯತೊಡಗಿದಿರಿ. "ಅರ್ಧಾ ಬೆಂದೈತಿ, ಕೆಡ್ತೈತಿ. ಹಂಚಿಗೆ ಹಾಕಿ ಹುರದ ಬಿಡು" ಎಂದವಳು ನಾನೇ. ನಿಮ್ಮವ್ವ ಮೊಬೈಲಿನ ಬೆಳಕಿನಲ್ಲಿ ಗ್ಯಾಸಿನ ಮೇಲೆ ಹಂಚಿಟ್ಟು ಎಣ್ಣೆ ಬಿಟ್ಟಳು. ಮೀನು ಚುರ್ ಎಂದಿತು. ಸೆಕೆಗೆ ಕಿಟಕಿ ತೆರೆದದ್ದು ಯಾರಿಗೂ ನೆನಪಾಗಲಿಲ್ಲ.

ಕರೆಂಟು ಹೋದರೆ ಭಜನೆಯೂ ಬೇಗ ಮುಗಿಯುತ್ತದೆ ಎಂದು ನಮಗೆ ಹೊಳೆಯಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನಾನು ಬಾಗಿಲಿಗೆ ಓಡಿ, ಹೊರಗೆ ನಿಂತು, ಹಿಂದಿನಿಂದ ಬಾಗಿಲು ಎಳೆದುಕೊಂಡೆ. ಹಿರಿಯವಳು ಸೆಕೆಗೆ ಹೊರಗೆ ಬಂದು ಮೆಟ್ಟಿಲ ಮೇಲೇ ಕೂತಿದ್ದಳು, ಆಗ ಎರಡನೇ ಇಯತ್ತೆ. ಮಾಲಕಿ ಬ್ಯಾಟರಿ ಹಿಡಿದು ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಥೇಟ್ ಆ ಶಾಲೆಯ ಹುಡುಗಿಯಂತೆ.

"ಇದೇನ್ರಿ ಅಕ್ಕಾರ ವಾಸನಿ? ಯಾರ ಮನ್ಯಾಗ್ರಿ ಇದು?"

ಹಿಂದಿನ ಖೋಲಿಯ ಕಿಟಕಿಯಲ್ಲಿ ಮೇಣಬತ್ತಿ ಉರಿಯುತ್ತಿತ್ತು. ಹುಡುಗಿ ಪೇಪರು ತಿದ್ದುತ್ತಾ ಕೂತಿದ್ದಳು. ನಾನು ಗದ್ದ ಎತ್ತಿ ಆ ಕಡೆ ತೋರಿಸಿದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. "ಸಮುದ್ರದ ಕಡ್ಯಾರಲ್ರಿ, ಎಷ್ಟ ದಿನಾ ತಡದಾರು" ಎಂದೂ ಸೇರಿಸಿದೆ.

"ಮುಂಜಾನೆ ಕೇಳ್ತೀನಿ ಅಕಿನ್ನ" ಎಂದು ಮಾಲಕಿ ಇಳಿದು ಹೋದ ಮೇಲೆ ಹಿರಿಯವಳು ಕೇಳಿದಳು: "ಆಯಿ, ಅದು ನಮ್ಮ ಮೀನ ಅಲ್ಲೇನು?" ನಾನು ಅವಳ ಬಾಯಿಯ ಮೇಲೆ ಕೈ ಇಟ್ಟೆ. ಮೀನು ತೊಳೆದ ಕೈ. ಅವಳು ಮುಖ ಸಿಂಡರಿಸಿ ತಿರುಗಿಕೊಂಡಳು.

ಮಾರನೆಯ ಬೆಳಿಗ್ಗೆ ಮಾಲಕಿ ಮತ್ತೆ ಮೇಲೆ ಬಂದರು. "ಕೇಳಿದ್ನಿರಿ ಆ ಹುಡುಗಿನ್ನ. ನಾ ಮಾಡಿಲ್ಲ ಅಂತಾಳ. ನಿಮ್ಮ ಹಣಿ ಮ್ಯಾಲ ವಿಭೂತಿ ಐತಿ, ನೀವ ಹೇಳ್ರಿ ಖರೆ." ರಾತ್ರಿಯದು ಹೆದರಿಕೆಯಲ್ಲಿ ಆಯಿತು ಎನ್ನಬಹುದು. ಬೆಳಗಾದ ಮೇಲೆ, ಎಲ್ಲ ಯೋಚಿಸಿ, ನಿಮ್ಮ ಶಾಲೆಯನ್ನೂ ಮತ್ತೆ ಮನೆ ಹುಡುಕುವುದನ್ನೂ ನೆನೆದು, "ಖರೇನ್ರಿ" ಎಂದೆ.

ನಿಮ್ಮವ್ವ ಅಂದು ನನ್ನ ಮುಖ ನೋಡಲಿಲ್ಲ. "ಅತ್ತಿ, ಹಂಗ ಹೇಳಬಾರದಿತ್ರಿ" ಎಂದಳು. "ಹಂಗಾರ ಈಗ ಹೋಗಿ ಹೇಳ್ತೀಯೇನು?" ಎಂದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಾದಾಮಿ ಬಸ್ಸಿಗೆ ಹೋದಳು. ನಿಮ್ಮಪ್ಪನೂ ಸುಮ್ಮನಿದ್ದ. ಆದರೆ ಹೇಳಿದವಳು ನಾನು.

ಹುಡುಗಿ ತಿಂಗಳ ಕೊನೆಗೆ ಖೋಲಿ ಬಿಟ್ಟಳು. ಅವಳು ಒಂದು ಮಾತು ಹೇಳಿದ್ದರೆ ನಾವು ಬೀದಿಗೆ ಬರುತ್ತಿದ್ದೆವು. ಆ ಅಡುಗೆ ಕಲಿಸಿದವಳೇ ಅವಳು. ಹೇಳಲಿಲ್ಲ. ಅವಳು ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುವಾಗ ನಾನು ಬಾಗಿಲ ಮರೆಯಲ್ಲಿದ್ದೆ. ಅವಳ ಕಣ್ಣಿಗೆ ಬಿದ್ದೆ. "ಬರ್ತೆ ಅಮ್ಮಾ" ಎಂದಳು. ನನಗೆ ಏನು ಹೇಳಬೇಕೋ ತಿಳಿಯದೆ, "ಬ್ಯಾರೆ ಕಡೆ ಮನಿ ಸಿಕ್ತೇನವಾ?" ಎಂದು ಕೇಳಿದೆ. "ಹಾಸ್ಟೆಲಲ್ಲಿ ಇರ್ತೆ. ಅಡ್ಡಿಲ್ಲ" ಎಂದಳು. ಅವರ ಕಡೆ ಮಾತು ಮಾತಿಗೂ ಅಡ್ಡಿಲ್ಲ ಎನ್ನುತ್ತಾರೆ. ನನಗೆ ಆ ಮಾತು ಇವತ್ತಿಗೂ ಕಿವಿಯಲ್ಲಿ ಇದೆ.

ಅಂದಿನಿಂದ ಆ ಮನೆಯಲ್ಲಿ ಮೀನು ನಿಂತಿತು. ನೀವು ಎಷ್ಟೋ ಸಲ ಹಟ ಮಾಡಿದಿರಿ. ಓವನ್ ಕೆಟ್ಟಿದೆ ಎಂದು ನಿಮಗೂ ಸುಳ್ಳು ಹೇಳಿದೆ.

ಮೂರು ವರ್ಷದ ಮೇಲೆ ನವನಗರದಲ್ಲಿ ನಮ್ಮದೇ ಮನೆ ಆಯಿತು. ಸಾಮಾನು ಎಲ್ಲ ಗಾಡಿಗೆ ಏರಿದ ಮೇಲೆ ನಾನು ಮಾಲಕಿಯ ಹತ್ತಿರ ಹೋದೆ. ಇನ್ನು ನನ್ನನ್ನು ಯಾರೂ ಹೊರಗೆ ಹಾಕುವಂತಿರಲಿಲ್ಲ, ಅದಕ್ಕೇ ಧೈರ್ಯ ಬಂತು. ಅದೂ ನನಗೆ ಗೊತ್ತಿತ್ತು. ಕಟ್ಟೆಯ ಮೇಲೆ ಕೂತು ಹೇಳಿದೆ: "ಅಕ್ಕಾರ, ಅವತ್ತ ಮೀನ ಮಾಡಿದ್ದು ನಾವ್ರಿ. ಆ ಹುಡುಗಿ ಅಲ್ಲ."

ಅವರು ಹಸನು ಮಾಡುತ್ತಿದ್ದ ಜೋಳದ ಮೊರ ಕೆಳಗಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

"ನನ್ನ ಮುಂದ ಯಾಕ ಹೇಳ್ತೀರಿ?" ಎಂದರು. "ನಾನೂ ಆ ಹುಡುಗಿ ಮಾತ ನಂಬಲಿಲ್ಲ. ಅಕಿ ಮುಂದ ಹೇಳ್ಹೋಗ್ರಿ." ಮತ್ತೆ ಮೊರ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಬರ್ತೇನ್ರಿ ಎಂದೆ. ಅವರು ಜೋಳದಲ್ಲಿ ಕಲ್ಲು ಹುಡುಕುತ್ತಲೇ ಇದ್ದರು.

ಈಗ ನಮ್ಮ ಮನೆಯಲ್ಲಿ ಯಾವ ವಾರ ಬೇಕಾದರೂ ಮೀನು ಮಾಡಬಹುದು. ನಿಮ್ಮವ್ವ ಕಿಟಕಿ ತೆರೆದಿಟ್ಟೇ ಮಾಡುತ್ತಾಳೆ. ನನಗೆ ಮಾತ್ರ ಮೆಟ್ಟಿಲ ಮೇಲೆ ಸದ್ದಾದರೆ ಎದ್ದು ಹೋಗಿ ಕಿಟಕಿ ಹಾಕಿಬಿಡುತ್ತೇನೆ. ವಿಭೂತಿ ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದೇನೆ. ಯಾಕೆಂದು ನೀವು ಕೇಳಿದಾಗ ಹಣೆ ಉರಿಯುತ್ತದೆ ಎಂದಿದ್ದೆ.

ಹೋದ ತಿಂಗಳು ಧೈರ್ಯ ಮಾಡಿ ಹಿರಿಯವಳಿಗೆ ಹೇಳಿದೆ, ನಿಮ್ಮವ್ವನ ಫೋನಿನಲ್ಲಿ ಟೀಚರ್ ಅಕ್ಕನ ನಂಬರು ಇದೆ, ಹಚ್ಚಿಕೊಡು ಎಂದು. ಅವಳು ಹಚ್ಚಿ ನನ್ನ ಕಿವಿಗೆ ಹಿಡಿದು ಪಕ್ಕದಲ್ಲೇ ನಿಂತಳು. ನಾನವಾ ಎಂದೆ, ಆ ಕಡೆಯಿಂದ ಅದೇ ದನಿ: "ಅಯ್ಯೋ ಅಮ್ಮನಾ! ಆರಾಮಾ? ಊಟ ಆಯ್ತಾ?" ಮದುವೆಯಾಗಿ ಊರ ಕಡೆಯೇ ಇದ್ದಾಳಂತೆ. ಹಿಂದೆ ಕೂಸಿನ ಸದ್ದು ಕೇಳಿತು. ನಮ್ಮದೇ ಮನೆ ಆಯಿತೆಂದು ನಾನೂ ಹೇಳಿದೆ. ತಪ್ಪಾಯ್ತವಾ ಎಂದು ಹೇಳಲು ನಾಲ್ಕು ದಿನದಿಂದ ಮನಸ್ಸಿನಲ್ಲೇ ಹೇಳಿ ರೂಢಿ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಮೀನ ಓವನ್ನಿನ್ಯಾಗ ಎಷ್ಟೊತ್ತ ಇಡಬೇಕವಾ?"

ಆ ಕಡೆ ಕೂಸನ್ನು ಯಾರ ಕೈಗೋ ಕೊಟ್ಟದ್ದು ಕೇಳಿತು. ಆಮೇಲೆ ಮೆಲ್ಲಗೆ ಹೇಳಿದಳು: "ಮೊದಲು ತರಕಾರಿ ಹದಿನೈದು ನಿಮಿಷ ಅಮ್ಮಾ. ಆಮೇಲೆ ಮೀನು ಇಪ್ಪತ್ತು. ಕೊನೆಗೆ ಐದು ನಿಮಿಷ ಮೇಲಿನ ಹಾಳೆ ತೆಗೀರಿ, ಬಣ್ಣ ಬರ್ತದೆ. ಈಗ ಮುಚ್ಚಿಡೋದು ಬೇಡ ಅಲ್ದಾ, ನಿಮ್ಮದೇ ಮನೆ."

ಆಗಲಿ ಎಂದು ಫೋನು ಕೆಳಗಿಟ್ಟೆ. ಹಿರಿಯವಳು ನನ್ನನ್ನೇ ನೋಡುತ್ತಿದ್ದಳು. "ಆಯಿ, ಇದನ್ನ ಕೇಳಾಕ ಹಚ್ಚಿಸಿದಿ ಏನು?" ಎಂದಳು. ಈ ಸಲ ನಾನು ಅವಳ ಬಾಯಿ ಮುಚ್ಚಲಿಲ್ಲ. "ಅಲ್ಲ" ಎಂದೆ.

ಆ ಹುಡುಗಿಗೆ ಹೇಳಬೇಕಾದದ್ದು ಇನ್ನೂ ಹಾಗೇ ಉಳಿದಿದೆ. ಬಾಯಲ್ಲಿ ಆಗದಿದ್ದರೆ ಈ ಹಾಳೆಗಳನ್ನೇ ಅವಳಿಗೆ ಕಳಿಸಿ ಎಂದು ಹೇಳೋಣವೆಂದಿದ್ದೆ. ಆದರೆ ಅದೂ ಬಾಗಿಲ ಮರೆಯಲ್ಲಿ ನಿಂತಂತೆಯೇ. ಬರುವ ಬುಧವಾರ ಮತ್ತೆ ಫೋನು ಹಚ್ಚಿಕೊಡಿ. ಹಿರಿಯವಳು ಪಕ್ಕದಲ್ಲೇ ಇರಲಿ. ನಾನು ಮತ್ತೆ ಮೀನಿನ ಮಾತು ತೆಗೆದರೆ ಫೋನು ಕೆಳಗಿಡಲು ಬಿಡಬೇಡಿ.