ನೆಗೆಟಿವ್ ಬಂದ ಮೇಲಿನ ಮಾತ್ರೆಗಳು

ಮೊದಲು ಬಂದದ್ದು ಕೆಮ್ಮು. ಬಟ್ಟೆಯ ಧೂಳಿಗೆ ಎಂದುಕೊಂಡೆವು. ನನ್ನ ಗಂಡ ಸಾಮುವೇಲ ಕೊಳ್ಳೇಗಾಲದಲ್ಲಿ ಬಟ್ಟೆ ಅಂಗಡಿಯೊಂದರ ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡವರು. ಶುಂಠಿ ಕಷಾಯ ಕೊಟ್ಟೆ, ಎದೆಗೆ ಎಣ್ಣೆ ತಿಕ್ಕಿದೆ. ತಿಂಗಳಾದರೂ ಹೋಗಲಿಲ್ಲ. ಸಂಜೆಯಾದರೆ ಜ್ವರ. ತಮ್ಮ ಪ್ಯಾಂಟಿನ ಸೊಂಟವನ್ನು ತಾವೇ ಎರಡು ಸಲ ಹಿಡಿದು ಹೊಲಿದುಕೊಂಡರು. ಆಗಲೂ ನನಗೆ ಹೊಳೆಯಲಿಲ್ಲ, ಬುದ್ಧಿಗೆ ಮಂಕು ಕವಿದಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು.

ಟಿ.ಬಿ. ಪಾಸಿಟಿವ್.

ಆರು ತಿಂಗಳು ಮಾತ್ರೆ ಎಂದರು. ಸೋಮವಾರ, ಬುಧವಾರ, ಶುಕ್ರವಾರ. ಮೊದಲ ಎರಡು ತಿಂಗಳು ಸೆಂಟರಿಗೆ ಹೋಗಿ ನರ್ಸಮ್ಮನ ಕಣ್ಣೆದುರೇ ನುಂಗಬೇಕು. ಆಮೇಲೆ ವಾರಕ್ಕೊಂದು ಪ್ಯಾಕೆಟ್. ಸೋಮವಾರದ್ದು ಅಲ್ಲಿ, ಉಳಿದೆರಡು ದಿನದ್ದು ಮನೆಯಲ್ಲಿ. ಖಾಲಿ ಪ್ಯಾಕೆಟ್ ವಾಪಸ್ ತೋರಿಸಬೇಕು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಹನೂರಿನ ಆಚೆ, ಕನ್ನಡ ತಮಿಳು ಎರಡೂ ಆಡುವ ಊರಿನ ಕಥೋಲಿಕರ ಮಗಳು. ಸಾಮುವೇಲರದು ಪ್ರೊಟೆಸ್ಟೆಂಟ್ ಸಭೆ. ಮದುವೆಯಾಗಿ ಬಂದ ಹೊಸದರಲ್ಲಿ ಸಭೆಯ ಹೆಂಗಸರು ನನ್ನನ್ನು ಕೇಳುತ್ತಿದ್ದದ್ದು ಒಂದೇ: ನಿನಗೆ ರಕ್ಷಣೆ ಆಗಿದೆಯಾ? ಊಟ ಆಯ್ತಾ ಎಂದಷ್ಟು ಸಲೀಸಾಗಿ ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮಪ್ಪನ ಪ್ರಕಾರ ಕಣ್ಣು ಮುಚ್ಚುವ ತನಕ ಯಾರೂ ಆಯ್ತು ಎನ್ನಬಾರದು. ದೇವರು ಕೃಪೆಯಿಂದ ಮನುಷ್ಯನನ್ನು ಒಳಗಿನಿಂದಲೇ ನೀತಿವಂತನನ್ನಾಗಿ ಮಾಡುತ್ತಾನೆ, ಆ ಕೃಪೆಯನ್ನು ಕಳೆದುಕೊಳ್ಳಲೂಬಹುದು, ಕಾಪಾಡಿಕೊಳ್ಳಬೇಕು. ಈ ಮನೆಯಲ್ಲಿ ಹಾಗಲ್ಲ. ಸಭೆಯ ಪಾದ್ರಿ, ನಾವೆಲ್ಲ ಅಯ್ಯನವರು ಎನ್ನುವವರು, ಕೋರ್ಟಿನ ಉದಾಹರಣೆ ಕೊಡುತ್ತಿದ್ದರು. ಪಾಪಿ ಕಟಕಟೆಯಲ್ಲಿ ನಿಂತಿದ್ದಾನೆ, ಅವನ ಯೋಗ್ಯತೆ ಏನೂ ಇಲ್ಲ. ಆದರೂ ಕ್ರಿಸ್ತನ ದೆಸೆಯಿಂದ, ನಂಬಿದ ಮಾತ್ರಕ್ಕೆ, ನೀತಿವಂತ ಎಂದು ತೀರ್ಪು. ಅಲ್ಲಿಗೆ ಮುಗಿಯಿತು. ಅಂಥ ನಿಶ್ಚಿಂತೆ ನನಗೆ ಎಂದೂ ಬರಲಿಲ್ಲ. ಗಂಡನ ಮೇಲೆ ಹೊಟ್ಟೆಕಿಚ್ಚೂ ಇತ್ತು.

ಎರಡು ತಿಂಗಳಿಗೆ ಕಫ ನೆಗೆಟಿವ್ ಬಂತು. ಅದೇ ವಾರ ಯಳಂದೂರಿನಲ್ಲಿ ಪ್ರಾರ್ಥನಾ ಕೂಟ. ಸಾಮುವೇಲರು ಎದ್ದು ನಿಂತು ಸಾಕ್ಷಿ ಹೇಳಿದರು: ಕರ್ತನು ನನ್ನನ್ನು ಗುಣಮಾಡಿದ್ದಾನೆ, ನನ್ನಲ್ಲಿ ಕಾಯಿಲೆ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನಮ್ಮೊಂದಿಗೆ ಬಂದಿದ್ದ ಅತ್ತೆ ಕೂಡ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮೂರು ವಾರದ ನಂತರ ಗುಂಡಿ ಹಾಕುವ ಡಬ್ಬಿಯಲ್ಲಿ ಬಿಳಿ ಗುಂಡಿ ಹುಡುಕುತ್ತಿದ್ದೆ. ತಳದಲ್ಲಿ ಮಾತ್ರೆಗಳು. ಬುಧವಾರದ್ದು, ಶುಕ್ರವಾರದ್ದು, ಎಲ್ಲವೂ. ಸೋಮವಾರದ್ದನ್ನು ಮಾತ್ರ ನರ್ಸಮ್ಮನೆದುರು ನುಂಗದೆ ವಿಧಿಯಿರಲಿಲ್ಲ. ಪ್ಯಾಕೆಟ್ ಖಾಲಿ ಮಾಡಿ ತೋರಿಸಿ, ಎಸೆಯಲು ಮನಸ್ಸಾಗದೆ ಇಲ್ಲಿ ಬಚ್ಚಿಟ್ಟಿದ್ದರು. ನನಗೆ ತಕ್ಷಣ ಅರ್ಥವಾಯಿತು. ಗುಣವಾಯಿತು ಎಂದು ಅಷ್ಟು ಜನರೆದುರು ಹೇಳಿದ ಮೇಲೆ ಮಾತ್ರೆ ನುಂಗಿದರೆ ಸಾಕ್ಷಿ ಸುಳ್ಳಾಗುತ್ತದೆ. ತೀರ್ಪು ಕೊಟ್ಟವನನ್ನೇ ನಂಬಲಿಲ್ಲ ಎಂದಾಗುತ್ತದೆ.

ನಾನು ಡಬ್ಬಿ ಮುಚ್ಚಿ ಸುಮ್ಮನಾದೆ.

ಯಾಕೆ ಸುಮ್ಮನಾದೆ? ಇವತ್ತಿಗೂ ಸರಿಯಾಗಿ ಹೇಳಲಾರೆ. ಕೇಳಿದರೆ ಅವಿಶ್ವಾಸಿ ಎಂದಾರು ಎಂಬ ಭಯವಿತ್ತು. ಒಂದು ಸಲವಾದರೂ ಇವರ ಹಾಗೆ ನಂಬಿ ನೋಡೋಣ ಎಂಬ ಆಸೆಯೂ ಇತ್ತು. ಗಂಡನ ಶ್ವಾಸಕೋಶದ ಮೇಲೆ ನನ್ನ ನಂಬಿಕೆಯ ಪರೀಕ್ಷೆ! ನನಗೆ ನಾಚಿಕೆಯಾಗುತ್ತದೆ.

ಮಳೆ ಶುರುವಾಗುವ ಹೊತ್ತಿಗೆ ಕೆಮ್ಮು ತಿರುಗಿ ಬಂತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಕರೆದರು. ಹೋಗಿ ನೋಡಿದೆ.

ರಕ್ತ.

ಮೈಸೂರಿನಲ್ಲಿ ಅಡ್ಮಿಟ್ ಮಾಡಿಕೊಂಡರು. ಕೆಟಗರಿ ಟು, ಕಾಯಿಲೆ ಮರಳಿದವರಿಗೆ ಕೊಡುವ ಚಿಕಿತ್ಸೆ ಎಂದರು: ಎಂಟು ತಿಂಗಳ ಮಾತ್ರೆ, ಮೊದಲೆರಡು ತಿಂಗಳು ಇಂಜೆಕ್ಷನ್. ಉಳಿಯುವ ಬಗ್ಗೆ ಡಾಕ್ಟರು ಭರವಸೆ ಕೊಡಲಿಲ್ಲ. ನೆಗೆಟಿವ್ ಎಂದು ಕೊಳ್ಳೇಗಾಲದಲ್ಲಿ ನಿಮ್ಮವರೇ ಬರೆದುಕೊಟ್ಟಿದ್ದರಲ್ಲ ಎಂದು ನಾನು ಜಗಳಕ್ಕೇ ನಿಂತೆ. ಅವರು ಸಿಟ್ಟಾಗಲಿಲ್ಲ.

“ನೋಡಮ್ಮ, ನೆಗೆಟಿವ್ ಅಂದ್ರೆ ಕಫದಲ್ಲಿ ಕಾಣಲಿಲ್ಲ ಅಂತ. ಗುಣ ಆಯ್ತು ಅಂತ ಅಲ್ಲ.”

ಅಯ್ಯನವರು ಬಸ್ಸು ಹಿಡಿದು ನೋಡಲು ಬಂದರು. ಮಾತ್ರೆ ಬಿಟ್ಟದ್ದನ್ನು ಸಾಮುವೇಲರ ಬಾಯಿಂದಲೇ ಕೇಳಿ ಪಾಪ, ಕಣ್ಣಲ್ಲಿ ನೀರು ಹಾಕಿಕೊಂಡರು. ಮಾತ್ರೆ ಬಿಡು ಎಂದು ಅವರು ಯಾವತ್ತೂ ಹೇಳಿದವರಲ್ಲ, ಅದು ನಿಜ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ನನಗೆ ಬಿಡಿಸಿ ಹೇಳಿದರು. ನೀತಿವಂತ ಎಂಬ ತೀರ್ಪು ಒಂದೇ ಸಲ, ಅದಕ್ಕೆ ನಮ್ಮ ಕೈಯಿಂದ ಸೇರಿಸುವುದು ಏನೂ ಇಲ್ಲ. ರಕ್ಷಣೆ ಅದಕ್ಕಿಂತ ಅಗಲವಾದದ್ದು. ತೀರ್ಪು ಅದರ ಬಾಗಿಲು. ಒಳಗೆ ಬಂದವನು ದಿನದಿನಕ್ಕೆ ಶುದ್ಧನಾಗಬೇಕು, ಕಡೆಯ ದಿನ ಅದು ಪೂರ್ತಿಯಾಗುತ್ತದೆ.

“ಅಂಗಾದ್ರೆ ತೀರ್ಪಾದ ಮ್ಯಾಕೂ ಮನುಷ್ಯ ಕೆಟ್ಟೋಗ್ಬೌದಾ ಅಯ್ನೋರೇ?” ಎಂದೆ.

“ಅದ್ರಲ್ಲಿ ದೊಡ್ಡದೊಡ್ಡೋರೇ ಇನ್ನೂ ಒಪ್ಪಂದಕ್ಕೆ ಬಂದಿಲ್ಲ ಕಣವ್ವ.”

ಅಷ್ಟು ದಿನದಲ್ಲಿ ನನಗೆ ಸಮಾಧಾನ ಕೊಟ್ಟ ಮಾತೆಂದರೆ ಅದೊಂದೇ. ಆದರೂ ತಲೆ ಕಲಸುಮೇಲೋಗರವಾಗಿಯೇ ಉಳಿಯಿತು. ಡಾಕ್ಟರ ನೆಗೆಟಿವ್‌ಗೂ ದೇವರ ತೀರ್ಪಿಗೂ ತಾಳೆ ಹಾಕಲು ಹೋದರೆ ಕೂಡುವುದಿಲ್ಲ. ಲ್ಯಾಬಿನವರಿಗೆ ಕಾಣಲಿಲ್ಲ, ಅದಕ್ಕೆ ಇಲ್ಲ ಎಂದರು. ದೇವರಿಗೆ ಕಾಣದ್ದು ಇದೆಯೇ? ಅವನು ಎಲ್ಲವನ್ನೂ ಕಂಡೂ ನೀತಿವಂತ ಎನ್ನುತ್ತಾನಂತೆ. ಕಂಡೂ ಹಾಗೆನ್ನುವುದು ಹೇಗೆ?

ಇಂಜೆಕ್ಷನ್ ಶುರುವಾದ ಎರಡನೇ ವಾರ ಜ್ವರ ಇಳಿಯಿತು. ಆ ದಿನ ಅವರಿಗೆ ಗಂಜಿ ಕುಡಿಸಿ, ಡಬ್ಬಿಯ ವಿಷಯ ನನಗೆ ಗೊತ್ತಿತ್ತು ಎಂದು ಹೇಳಿಬಿಟ್ಟೆ. ಗೊತ್ತಿದ್ದೂ ಸುಮ್ಮನಿದ್ದೆ ಎಂದೆ. ಅವರು ಕಣ್ಣು ಮುಚ್ಚಿದರು. ಬೈಯಲಿ ಎಂದು ಕಾದೆ.

“ನನ್ ಕಡೆಯಿಂದ ಮುಗೀತು ಕಣಮ್ಮಿ. ಇನ್ ಅದ್ನ ಎತ್ಬ್ಯಾಡ.”

ಅಷ್ಟೇ. ನನಗೆ ಹಗುರವಾಗಲಿಲ್ಲ, ಕೋಪ ಬಂತು. ಸಾವಿನ ಬಾಯಿಗೆ ಹೋಗಿ ಬಂದವರು ಒಂದು ಮಾತಿನಲ್ಲಿ ಮುಗೀತು ಎಂದರೆ ನಾನು ಅದನ್ನು ಎಲ್ಲಿಟ್ಟುಕೊಳ್ಳಲಿ? ನಾಲ್ಕು ಮಾತು ಬೈದಿದ್ದರೆ ಅನುಭವಿಸಿ ತೀರಿಸುತ್ತಿದ್ದೆ. ಅವರು ಅದಕ್ಕೂ ದಾರಿ ಬಿಡಲಿಲ್ಲ.

ಊರಿಗೆ ಬಂದೆವು. ಕಫ ಮತ್ತೆ ನೆಗೆಟಿವ್ ಬಂದಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಿಲ್ಲ. ಇನ್ನೂ ಐದು ತಿಂಗಳ ಮಾತ್ರೆ ಇದೆ. ಬುಧವಾರ, ಶುಕ್ರವಾರ ನಾನು ಮರೆಯದೆ ಕೇಳುತ್ತಿದ್ದೆ, ತಕೊಂಡ್ರಾ ಎಂದು. ಕೇಳಿದಾಗಲೆಲ್ಲ ಒಳಗೆ ಚುಚ್ಚುತ್ತಿತ್ತು. ಕ್ಷಮಿಸಿದವರನ್ನು ಹೀಗೆ ಕಾವಲು ಕಾಯುವುದು ಸರಿಯೇ? ನನಗೆ ಇವರ ಮೇಲೆ ಅಷ್ಟೂ ನಂಬಿಕೆ ಇಲ್ಲವೇ? ಹೋದ ಶುಕ್ರವಾರ ಗಟ್ಟಿ ಮನಸ್ಸು ಮಾಡಿ ಕೇಳದೆ ಬಿಟ್ಟೆ.

ಸಂಜೆ ಅವರು ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದರು.

“ಇವತ್ತು ನೀನು ಕೇಳ್ನೇ ಇಲ್ವಲ್ಲ?”

“ನಂಬ್ಕೊಂಡು ಸುಮ್ಕಿದ್ದೆ ಕಣ್ರಿ.”

“ನಂಬು. ನಂಬ್ಕೊಂಡೇ ಕೇಳು,” ಎಂದರು. “ನಾನು ಮರ್ತೇ ಓಗಿದ್ದೆ.”

ಲೋಟದಲ್ಲಿ ನೀರು ತಂದುಕೊಟ್ಟೆ. ಒಂದೊಂದಾಗಿ ನುಂಗಿದರು. ಪಕ್ಕದಲ್ಲೇ ನಿಂತು ನೋಡಿದೆ.